ನಮ್ಮ ಮನೆಯ ಸೇರ್ವೆಗಾರ

ಅಪ್ಪ ತೀರಿಕೊಂಡ ಮರುವರ್ಷ, ಬೇಕಲದ ಹತ್ತಿರ ನಮಗಿರುವ ಮೂವತ್ತೆರಡು ಸೆಂಟ್ಸ್ ತೆಂಗಿನ ಹಿತ್ತಿಲನ್ನು ಮಕ್ಕಳ ಹೆಸರಿಗೆ ಪೋಕುವರವು, ಅಂದರೆ ಖಾತೆ ಬದಲಾವಣೆ, ಮಾಡಿಸಲೆಂದು ನಾನು ವಿಲ್ಲೇಜ್ ಆಫೀಸಿಗೆ ಹೋಗಿದ್ದೆ. ಅಲ್ಲಿದ್ದ ಅಧಿಕಾರಿ ಸಾವಧಾನದ ಮನುಷ್ಯರು. ನಾನು ಕೊಟ್ಟ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿ, ಕನ್ನಡದಲ್ಲಿದ್ದವುಗಳನ್ನು ನನ್ನಿಂದಲೇ ಓದಿಸಿ, ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಹಳೆಯ ಆಧಾರದಲ್ಲಿ, ಅಂದರೆ ಜಾಗದ ದಸ್ತಾವೇಜಿನಲ್ಲಿ, ಮುತ್ತಜ್ಜನ ಹೆಸರಿನ ಜೊತೆಗೆ ‘ಸೇರ್ವೆಗಾರ’ ಎಂದಿತ್ತು. ಅಜ್ಜನ ಕಾಲದ ತೀರ್ವೆ (ಭೂಕಂದಾಯ) ರಶೀದಿಯಲ್ಲಿ ‘ನಾಯಕ’ ಎಂದಿತ್ತು. ಅಪ್ಪನ ಹೆಸರಿನ ತುದಿಯಲ್ಲಿ ‘ರಾವ್’ ಇತ್ತು. ನನ್ನ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿಗೆ ಮುಂಚೆ ‘ಬಿ’ ಎಂಬ ಒಂದಕ್ಷರವಲ್ಲದೆ ಬೇರೇನೂ ಇರಲಿಲ್ಲ. “ಮಾಷೇ, ಈ ನಾಲ್ವರೂ ಒಂದೇ ತರವಾಡಿನವರೆಂದು ನಾನು ಹೇಗೆ ಬರೆಯಲಿ?” ಎಂದು ಅವರು ಮಲಯಾಳದಲ್ಲಿ ಕೇಳಿದರು. ತರವಾಡೆಂದರೆ ಮನೆತನ.

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಊರಿನ ಇಬ್ಬರು ಹಿರಿಯರು ಸಾಕ್ಷಿ ಹಾಕಿದ ಮೇಲೆ ಎರಡು ವಾರಗಳಲ್ಲಿ ಪ್ರಮಾಣಪತ್ರವೂ ಸಿಕ್ಕಿತು, ಪೋಕುವರವೂ ಆಯಿತು. ಆದರೆ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ನನ್ನ ಮನೆಯ ಹೆಸರಿನ ಅರ್ಥವನ್ನು ಒಮ್ಮೆಯೂ ಹುಡುಕಿರಲಿಲ್ಲವೆಂಬುದು ಮನಸ್ಸಿಗೆ ಚುಚ್ಚಿತು. ಅಂದಿನಿಂದ ದೊಡ್ಡಪ್ಪನ ಮನೆಯ ಅಟ್ಟದಲ್ಲಿದ್ದ ಕಾಗದಗಳನ್ನೂ, ತೊಂಬತ್ತು ದಾಟಿದ ಸೋದರತ್ತೆಯ ನೆನಪುಗಳನ್ನೂ, ಗ್ರಂಥಾಲಯದಲ್ಲಿ ದೊರೆಯುವ ಹಳೆಯ ಪುಸ್ತಕಗಳನ್ನೂ ಎದುರುಬದುರು ಇಟ್ಟುಕೊಂಡು ತಾಳೆ ನೋಡುತ್ತ ಬಂದಿದ್ದೇನೆ. ಅದರಿಂದ ನನಗೆ ಖಚಿತವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕುಲನಾಮ ಮೂಲಪುರುಷನ ಹೆಸರಲ್ಲ, ಬಿಟ್ಟುಬಂದ ಊರಿನ ಹೆಸರೂ ಅಲ್ಲ; ಅದು ಒಂದು ಕೆಲಸದ ಹೆಸರು.

ಕಾಸರಗೋಡಿನಲ್ಲಿ ಇದು ತುಸು ಅಪರೂಪದ ಸಂಗತಿ. ನಮ್ಮ ಸುತ್ತಲಿನ ತುಳು ಬ್ರಾಹ್ಮಣರ ಕುಲನಾಮಗಳಲ್ಲಿ ಪುಣಿಂಚಿತ್ತಾಯ, ನೂರಿತ್ತಾಯ, ಬೈಪಾಡಿತ್ತಾಯ ಎಂಬಂಥವು ಸಾಮಾನ್ಯ. ಅವುಗಳ ಕೊನೆಯಲ್ಲಿರುವ ‘ತ್ತಾಯ’ ಎಂಬ ತುಳು ಪ್ರತ್ಯಯ ‘ಇಂಥಲ್ಲಿಯವನು’ ಎಂದು ಹೇಳುತ್ತದೆ. ಹವ್ಯಕರಲ್ಲಿ ಮನೆಯ ಅಥವಾ ಊರಿನ ಹೆಸರೇ ಮುಂದೆ ನಿಂತು, ಭಟ್ಟ ಎಂಬುದು ಹಿಂದೆ ಬರುತ್ತದೆ. ಮಲಯಾಳಿ ನೆರೆಯವರಲ್ಲಿ ತರವಾಡಿನ ಹೆಸರು ತಾಯಿಯ ಕಡೆಯಿಂದ ಇಳಿದು ಬರುತ್ತದೆ. ವಿಲ್ಲೇಜ್ ಆಫೀಸಿನವರು ತರವಾಡು ಎಂದಾಗ ಅವರ ಮನಸ್ಸಿನಲ್ಲಿದ್ದ ಚಿತ್ರ ಅದೇ ಇರಬೇಕು. ಈ ಎಲ್ಲ ಪದ್ಧತಿಗಳಲ್ಲಿಯೂ ಹೆಸರಿನ ಬೇರು ನೆಲದಲ್ಲಿದೆ. ನಮ್ಮ ಹೆಸರಿಗೆ ಅಂಥ ನೆಲವಿಲ್ಲ, ಏಕೆಂದರೆ ಅದನ್ನು ಹೊತ್ತು ತಂದವರು ಇಲ್ಲಿಗೆ ಬಂದದ್ದು ನೆಲ ಹುಡುಕಿಕೊಂಡಲ್ಲ, ಕೋಟೆ ಕಾಯುವುದಕ್ಕಾಗಿ.

‘ಸೇರ್ವೆಗಾರ’ ಎಂಬ ಪದವನ್ನು ಬಿಡಿಸಿ ನೋಡುವುದು ಕಷ್ಟವಲ್ಲ. ‘ಸೇರು’ ಎಂಬುದು ಅಚ್ಚ ಕನ್ನಡದ ಧಾತು. ಒಂದೆಡೆ ಸೇರಿದ್ದು ಸೇರುವೆ, ಅದು ನಾಲಗೆಯಲ್ಲಿ ಸವೆದು ಸೇರ್ವೆ. ಕೂಟ, ಗುಂಪು ಎಂಬ ಅರ್ಥದಿಂದ ಹೊರಟ ಆ ಮಾತು, ಆಯುಧ ಹಿಡಿದು ಒಂದೆಡೆ ಸೇರಿದವರ ಪಡೆ ಎಂಬ ಅರ್ಥಕ್ಕೆ ಬಂದು ನಿಂತಿತು. ಬಳೆಗಾರ, ಮಾಲೆಗಾರ ಎಂಬ ಪದಗಳಲ್ಲಿರುವ ‘ಗಾರ’ ಅದಕ್ಕೆ ಸೇರಿದಾಗ ಆ ಪಡೆಯವನು, ಆ ಪಡೆಯನ್ನು ನಡೆಸುವವನು ಸೇರ್ವೆಗಾರನಾದ. ತಮಿಳಿನಲ್ಲಿಯೂ ಇದೇ ಬೇರಿನ ಸೇರ್ವೈ, ಸೇರ್ವೈಕ್ಕಾರನ್ ಎಂಬ ಪದಗಳಿವೆ. ಶಿವಗಂಗೆಯ ಸೀಮೆಯಲ್ಲಿ ಈಸ್ಟ್ ಇಂಡಿಯಾ ಕುಂಪಣಿಯ ವಿರುದ್ಧ ಕಾದಾಡಿ 1801ರಲ್ಲಿ ಗಲ್ಲಿಗೇರಿದ ಮರುದು ಸಹೋದರರ ಬಿರುದು ಸೇರ್ವೈ ಎಂಬುದೇ ಆಗಿತ್ತು. ಅವರಿಗೂ ನಮಗೂ ರಕ್ತಸಂಬಂಧವಿದೆಯೆಂದು ಇದರಿಂದ ಯಾರೂ ತಿಳಿಯಬಾರದು. ದಕ್ಷಿಣದ ಎರಡು ಭಾಷೆಗಳು ಸೈನ್ಯದ ಒಂದು ಹುದ್ದೆಗೆ ಒಂದೇ ಬಗೆಯ ಹೆಸರನ್ನು ಇಟ್ಟಿದ್ದವು ಎಂಬಷ್ಟೇ ಇದರ ಅರ್ಥ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕಾಗಿದೆ, ಏಕೆಂದರೆ ನನ್ನ ಜೀವಮಾನದಲ್ಲಿ ಅದನ್ನು ನೂರು ಸಲ ಬಿಡಿಸಿದ್ದೇನೆ. ಕರಾವಳಿಯಲ್ಲಿ ‘ಶೇರಿಗಾರ’ ಎಂಬ ಕುಲನಾಮ ಬಹಳ ಮಂದಿಗೆ ಇದೆ. ದೇವಸ್ಥಾನಗಳಲ್ಲಿ ವಾದ್ಯಸೇವೆ ಮಾಡುತ್ತ ಬಂದ ದೇವಾಡಿಗರಲ್ಲಿ ಅದು ಸಾಮಾನ್ಯ. ಘಟ್ಟದ ಮೇಲಿನ ಕಾಫಿ ತೋಟಗಳಿಗೆ ದಕ್ಷಿಣ ಕನ್ನಡದಿಂದ ಕೂಲಿಯಾಳುಗಳನ್ನು ಕೂಡಿಸಿ ಕರೆದೊಯ್ಯುತ್ತಿದ್ದ ಮೇಸ್ತ್ರಿಯನ್ನೂ ಶೇರೆಗಾರ, ಸೇರೆಗಾರ ಎಂದು ಕರೆಯುತ್ತಿದ್ದರು. ನಮ್ಮ ಹೆಸರನ್ನು ಕೇಳಿದವರು ಇವೆರಡರಲ್ಲಿ ಒಂದೆಂದು ಭಾವಿಸುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಮೂರೂ ಒಂದೇ ಮರದ ಕೊಂಬೆಗಳು: ವಾದ್ಯದ ಮೇಳವನ್ನು ಮುನ್ನಡೆಸುವವನು, ಆಳುಗಳ ಗುಂಪನ್ನು ಕೂಡಿಸುವವನು, ಸಿಪಾಯಿಗಳ ತುಕಡಿಯನ್ನು ನಡೆಸುವವನು, ಮೂವರ ಕೆಲಸದಲ್ಲಿಯೂ ಜನರನ್ನು ಸೇರಿಸುವುದೇ ಮುಖ್ಯ. ಆದರೆ ಹೆಸರು ಒಂದೇ ಬೇರಿನದಾದ ಮಾತ್ರಕ್ಕೆ ಮನೆತನಗಳೂ ಒಂದೇ ಎಂದು ಹೇಳಲಾಗದು. ಕುಲನಾಮವನ್ನು ಹಿಡಿದು ವಂಶದ ಜಾಡು ಹುಡುಕುವವರು ಮೊದಲು ಎಡವುವುದು ಇಲ್ಲಿಯೇ.

ಇನ್ನು ಕೋಟೆಯ ಮಾತು. 1499ರಲ್ಲಿ ಮಲೆನಾಡಿನ ಕೆಳದಿಯಲ್ಲಿ ತಲೆಯೆತ್ತಿ, ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿಯನ್ನು ಬದಲಿಸುತ್ತ 1763ರವರೆಗೆ ಬಾಳಿದ ನಾಯಕರ ರಾಜ್ಯ, ತನ್ನ ಉಚ್ಛ್ರಾಯದ ದಿನಗಳಲ್ಲಿ ಕರಾವಳಿಯುದ್ದಕ್ಕೂ ತೆಂಕಣಕ್ಕೆ ಚಾಚಿಕೊಂಡಿತ್ತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನನ್ನು ಕನ್ನಡಿಗರು ಹೆಚ್ಚಾಗಿ ನೆನೆಯುವುದು ಆತನ ‘ಶಿಸ್ತು’ ಎಂಬ ಭೂಕಂದಾಯದ ಪದ್ಧತಿಗಾಗಿ, ಕಾಸರಗೋಡಿನವರಾದ ನಾವು ನೆನೆಯುವುದು ಕೋಟೆಗಳಿಗಾಗಿ. ಬೇಕಲದ ಕೋಟೆಯನ್ನು 1650ರ ಆಸುಪಾಸಿನಲ್ಲಿ ಕಟ್ಟಿಸಿದವನು ಆತನೆಂದೇ ಸಾಮಾನ್ಯವಾಗಿ ಬರೆಯುತ್ತಾರೆ. ಕುಂಬಳೆಯ ಬಳಿಯ ಆರಿಕ್ಕಾಡಿ, ಚಂದ್ರಗಿರಿ ಹೊಳೆಯ ದಡದ ಚಂದ್ರಗಿರಿ, ಅದಕ್ಕೂ ತೆಂಕಕ್ಕೆ ಬೇಕಲ, ಕೊನೆಗೆ ಸೋಮಶೇಖರ ನಾಯಕನ ಹೆಸರಿನೊಡನೆ ಬೆಸೆದುಕೊಂಡಿರುವ ಹೊಸದುರ್ಗ, ಹೀಗೆ ಕಡಲಿನ ಬದಿಯಲ್ಲಿ ಒಂದರ ಹಿಂದೊಂದು ಮುರಕಲ್ಲಿನ ಕೋಟೆಗಳು ಎದ್ದವು. 1732ರಲ್ಲಿ ಬಿದನೂರಿನ ಸೈನ್ಯ ತೆಂಕಣದ ಮಲಯಾಳಿ ಸೀಮೆಯಾದ ಕೋಲತ್ತುನಾಡಿನೊಳಕ್ಕೆ ನುಗ್ಗಿದಾಗ ಈ ಸಾಲೇ ಅದಕ್ಕೆ ಬೆನ್ನೆಲುಬಾಗಿದ್ದಿರಬೇಕು.

ನಲ್ವತ್ತು ಎಕರೆಯಷ್ಟು ಹರಡಿಕೊಂಡಿರುವ ಬೇಕಲದ ಕೋಟೆಯನ್ನು ನೋಡಲು ಇಂದು ದೂರದೂರಿನಿಂದ ಜನ ಬರುತ್ತಾರೆ. ಬುರುಜಿನ ಮೇಲೆ ನಿಂತು ಕಡಲಿನ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ನಾನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಅವರ ಕಣ್ಣನ್ನು ಗೋಡೆಯ ಕಿಂಡಿಗಳ ಕಡೆಗೆ ತಿರುಗಿಸುತ್ತಿದ್ದೆ. ದೂರದ ಗುರಿಗೆ ಒಂದು, ಹತ್ತಿರದ ಗುರಿಗೆ ಇನ್ನೊಂದು ಎಂಬಂತೆ ಬೇರೆಬೇರೆ ಓರೆಯಲ್ಲಿ ಕೊರೆದ ಆ ಕಿಂಡಿಗಳ ಹಿಂದೆ ಹಗಲಿರುಳು ಮನುಷ್ಯರು ನಿಂತಿರಬೇಕಾಗಿತ್ತು. ಅವರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಿದನೂರಿನ ಅರಸರಿಗೂ ಎದುರಾಗಿರಲೇಬೇಕು. ಸುತ್ತಲಿನ ನಾಡಿನಲ್ಲಿ ಆಯುಧ ಹಿಡಿಯುವವರಿಗೆ ಬರವಿರಲಿಲ್ಲ. ಆದರೆ ಅವರ ನಿಷ್ಠೆ ಕುಂಬಳೆಯ ಅರಸರಿಗೋ ನೀಲೇಶ್ವರದ ಅರಸರಿಗೋ ಸಲ್ಲುತ್ತಿತ್ತು. ಊರಿನಲ್ಲಿ ನೆಂಟರಿಷ್ಟರಿಲ್ಲದ, ಸಂಬಳಕ್ಕೂ ಉಂಬಳಿಗೂ ಅರಮನೆಯನ್ನೇ ನೆಚ್ಚಿಕೊಂಡ, ಅರಮನೆಯ ಭಾಷೆಯನ್ನೇ ಆಡುವ ಪಡೆಯನ್ನು ಉತ್ತರದಿಂದ ತಂದು ನೆಲೆಗೊಳಿಸಿದ್ದರ ಹಿಂದಿನ ತರ್ಕ ಇದೇ ಎಂದು ನಾನು ತಿಳಿದಿದ್ದೇನೆ. ಕೋಟೆಯೊಳಗಿನವರಾದ್ದರಿಂದ ಅವರು ಊರವರ ಬಾಯಿಯಲ್ಲಿ ಕೋಟೆಯವರಾದರು, ಕೋಟೆಗಾರರಾದರು. ಮಲಯಾಳಿಗಳ ಬಾಯಿಯಲ್ಲಿ ಕೋಟೆಯಾರ್ ಆದರು. ಸಮುದಾಯಕ್ಕೆ ರಾಮಕ್ಷತ್ರಿಯ ಎಂಬ ಹೆಸರು ಇಂದು ಬಳಕೆಯಲ್ಲಿದ್ದರೂ, ಬೇಕಲದ ಹಳಬರು ನಮ್ಮನ್ನು ಗುರುತಿಸುವುದು ಈಗಲೂ ಕೋಟೆಯ ಹೆಸರಿನಿಂದಲೇ. ಕಾಸರಗೋಡು ಪೇಟೆಯಲ್ಲಿ ಕೋಟೆಕಣಿ ಎಂಬ ಜಾಗವಿದೆ. ಕಣಿ ಎಂದರೆ ಈ ಕಡೆಯ ಮಾತಿನಲ್ಲಿ ಅಗೆದ ಕಾಲುವೆ. ಕೋಟೆಯ ಗೋಡೆ ಕಾಣದಂತಾದ ಕಡೆಯಲ್ಲಿಯೂ ಹೆಸರು ಹೀಗೆ ನೆಲದಲ್ಲಿ ಉಳಿದುಕೊಳ್ಳುತ್ತದೆ.

ಉತ್ತರದ ಯಾವ ಕಡೆಯಿಂದ ಬಂದರು ಎಂಬ ವಿಚಾರದಲ್ಲಿ ಎರಡು ಹೇಳಿಕೆಗಳಿವೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತ ಏಳು ಸಂಪುಟಗಳಲ್ಲಿ ಸೇರ್ವೆಗಾರರ ಬಗ್ಗೆ ಒಂದು ಸಣ್ಣ ಟಿಪ್ಪಣಿಯಿದೆ. ಅವರು ಗೋವೆಯ ಕಡೆಯ ಕೊಂಕಣ ಮರಾಠರ ಒಂದು ಶಾಖೆಯೆಂದೂ, ನಗರದ, ಅಂದರೆ ಬಿದನೂರಿನ, ಲಿಂಗಾಯತ ಅರಸರು ಅವರನ್ನು ಕೋಟೆಗಳ ರಕ್ಷಣೆಗೆಂದು ಕರೆಸಿಕೊಂಡರೆಂದೂ, ದಕ್ಷಿಣ ಕನ್ನಡದವರ ಮನೆಮಾತು ಕನ್ನಡವೆಂದೂ, ಉತ್ತರದಲ್ಲಿರುವವರದು ಕೊಂಕಣಿಯೆಂದೂ ಅದರಲ್ಲಿ ಹೇಳಿದೆ. ನಮ್ಮ ಮನೆಯ ಹೇಳಿಕೆ ಗೋವೆಯನ್ನು ಹೆಸರಿಸುವುದಿಲ್ಲ. ಬಿದನೂರಿನಿಂದ ಘಟ್ಟ ಇಳಿದು, ಕುಂದಾಪುರದ ಸೀಮೆಯಲ್ಲಿ ಕೆಲವು ತಲೆಮಾರು ಇದ್ದು, ಅಲ್ಲಿಂದ ತೆಂಕಕ್ಕೆ ಬಂದೆವು ಎಂದಷ್ಟೇ ಅಜ್ಜ ಹೇಳುತ್ತಿದ್ದರು. ಥರ್ಸ್ಟನ್ ಸಂಗ್ರಹಿಸಿದ್ದು ಇಡೀ ಸಮುದಾಯವನ್ನು ಕುರಿತು ಆ ಕಾಲದಲ್ಲಿ ಕೇಳಿಬರುತ್ತಿದ್ದ ಮಾತು. ಅಜ್ಜ ಹೇಳಿದ್ದು ಒಂದು ಮನೆಯ ಮಾತು. ಎರಡಕ್ಕೂ ಸಮಾನವಾದ ಅಂಶವೆಂದರೆ ಬಿದನೂರು, ಕೋಟೆ, ಕನ್ನಡ. ನನ್ನ ಲೆಕ್ಕದಲ್ಲಿ ಈ ಮೂರು ಸಾಕು. ಅದಕ್ಕಿಂತ ಹಿಂದಕ್ಕೆ ಹೋಗಿ ಸೂರ್ಯವಂಶದ ತನಕ ದಾರಿ ಕಟ್ಟುವ ಆಸೆ ನನಗಿಲ್ಲ.

ಕುಂದಾಪುರದ ಸೀಮೆಯ ನಂಟಿಗೆ ಮನೆಯಲ್ಲಿಯೇ ಎರಡು ಗುರುತುಗಳಿದ್ದವು. ಒಂದು, ಮುಡಿಪು. ವರ್ಷಕ್ಕೊಮ್ಮೆ ಬಿಸುವಿನಂದು, ಅಂದರೆ ಸೌರ ಯುಗಾದಿಯಂದು, ಹಳದಿ ಬಟ್ಟೆಯಲ್ಲಿ ಕಾಣಿಕೆಯ ನಾಣ್ಯಗಳನ್ನು ಕಟ್ಟಿ ದೇವರ ಕೋಣೆಯ ತೊಲೆಗೆ ತೂಗುಹಾಕಿ, ಆ ಕಡೆಗೆ ಹೋಗುವ ನೆಂಟರ ಕೈಯಲ್ಲಿ ಮನೆದೇವರಿಗೆ ಕಳುಹಿಸುವ ಪದ್ಧತಿ ಅಜ್ಜನ ಕಾಲದವರೆಗೂ ನಡೆದಿತ್ತು. ಇದ್ದ ಊರಿನಲ್ಲಿ ಎಷ್ಟೇ ದೇವಸ್ಥಾನಗಳಿಗೆ ನಡೆದುಕೊಂಡರೂ ಮುಡಿಪು ಮಾತ್ರ ಹಳೆಯ ನೆಲೆಗೇ ಹೋಗುತ್ತದೆ. ಮನೆತನದ ಹಾದಿಯನ್ನು ತಿಳಿಯಬೇಕೆನ್ನುವವರಿಗೆ ಹೆಸರಿಗಿಂತ ಮುಡಿಪೇ ಹೆಚ್ಚು ನಂಬಿಕೆಯ ಸಾಕ್ಷಿಯೆಂದು ನಾನು ಹೇಳುತ್ತೇನೆ, ಏಕೆಂದರೆ ಹೆಸರನ್ನು ಬದಲಿಸಲು ಹಿಂಜರಿಯದ ಜನ ಮನೆದೇವರನ್ನು ಬದಲಿಸಲು ಹೆದರುತ್ತಾರೆ.

ಇನ್ನೊಂದು, ಹೆಣ್ಣು ತರುವ ದಾರಿ. ಸೋದರತ್ತೆ ತನ್ನ ಅಜ್ಜಿಯ ಬಾಯಿಯಿಂದ ಕೇಳಿದ್ದನ್ನು ಹೀಗೆ ಹೇಳುತ್ತಾರೆ: “ಅಜ್ಜಿಯ ದಿಬ್ಬಣ ಗಂಗೊಳ್ಳಿಯಿಂದ ಮಚ್ವೆಯಲ್ಲಿ ಬಂತಂತೆ. ಮೂರು ರಾತ್ರಿ ಕಡಲಲ್ಲಿ. ಅಜ್ಜಿ ಮತ್ತೆ ಒಂದೇ ಸಲ ತವರಿಗೆ ಹೋದದ್ದು.” 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ಈ ದಾರಿ ಬದಲಾಯಿತು, ಅಜ್ಜಿಯ ಸೊಸೆ ಮಂಗಳೂರಿನಿಂದ ರೈಲಿನಲ್ಲಿ ಬಂದಳು, ಆಕೆಯ ಸೊಸೆಯರೂ ಮಂಗಳೂರಿನವರೇ ಆದರು. ಕುಂದಾಪುರ, ಬೈಂದೂರಿನ ಕಡೆಯ ನೆಂಟಸ್ತಿಕೆ ಹೀಗೆ ಎರಡು ತಲೆಮಾರುಗಳಲ್ಲಿ ಸಡಿಲವಾಯಿತು. ಅಲ್ಲಿಯ ದೂರದ ನೆಂಟರಲ್ಲಿ ಹೋಬಳಿದಾರರೆಂಬ ಕುಲನಾಮದವರಿದ್ದಾರೆ, ನಾಯಕರಿದ್ದಾರೆ, ಶೇರುಗಾರರಿದ್ದಾರೆ. ಎಲ್ಲವೂ ದಂಡಿನ ಅಥವಾ ದಿವಾಣದ ಹುದ್ದೆಗಳೇ. ಒಂದೇ ಸಮುದಾಯದೊಳಗೆ ಕುಲನಾಮಗಳು ಬೇರೆಬೇರೆಯಾದದ್ದು ಬೇರೆಬೇರೆ ಮೂಲಪುರುಷರಿಂದಲ್ಲ, ಬೇರೆಬೇರೆ ಸಂಬಳದ ಪಟ್ಟಿಗಳಿಂದ ಎಂಬುದು ಇದನ್ನು ನೋಡಿದಾಗ ಮನವರಿಕೆಯಾಗುತ್ತದೆ.

ದೊಡ್ಡಪ್ಪನ ಅಟ್ಟದಲ್ಲಿ ಸಿಕ್ಕಿದ ಕಡತದ ವಿಚಾರವನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಕಡತವೆಂದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ನಮ್ಮದರಲ್ಲಿ ಓದಲು ಬರುವಂತೆ ಉಳಿದಿರುವುದು ಹನ್ನೊಂದು ಮಡಿಕೆ. ಹೆಚ್ಚಿನದು ಅಕ್ಕಿಯ ಲೆಕ್ಕ: ಇಷ್ಟು ಮುಡಿ ಬಂತು, ಇಷ್ಟು ಮುಡಿ ಹೋಯಿತು. ಒಂದು ಕಡೆ, ಕೋಟೆಯ ಸೇರ್ವೆಗಾರನೆಂದು ಹೇಳಿಕೊಂಡ ಹಿರಿಯರೊಬ್ಬರು ಪ್ಲವ ಸಂವತ್ಸರದಲ್ಲಿ ‘ಕುಂಪಣಿ ಸರಕಾರ’ಕ್ಕೆ ತೀರ್ವೆ ಸಲ್ಲಿಸಿದ್ದನ್ನು ಬರೆದಿದ್ದಾರೆ. ಶಕ ವರ್ಷವನ್ನು ಕಾಣಿಸಿಲ್ಲ. ಅರುವತ್ತು ವರ್ಷಕ್ಕೊಮ್ಮೆ ಮರಳುವ ಸಂವತ್ಸರದ ಹೆಸರನ್ನಷ್ಟೇ ಹಿಡಿದು ಕಾಲ ಹೇಳುವುದು ಸಾಧ್ಯವಿಲ್ಲ. 1781, 1841, 1901, ಈ ಮೂರು ವರ್ಷಗಳೂ ಪ್ಲವವೇ. ಆದರೆ 1781ರಲ್ಲಿ ಈ ಸೀಮೆ ಹೈದರಾಲಿಯ ಕೈಯಲ್ಲಿತ್ತು, 1858ರಲ್ಲಿ ಕುಂಪಣಿಯ ಆಳ್ವಿಕೆ ಮುಗಿದು ರಾಣಿಯ ಸರಕಾರ ಬಂದಿತ್ತು. ಆದುದರಿಂದ ಆ ಬರಹ 1841ರದು. ಇದನ್ನು ಕಂಡುಕೊಂಡ ಸಂಜೆ ನಾನು ಅನುಭವಿಸಿದ ಸಂತೋಷವನ್ನು ಇಲ್ಲಿ ಬರೆಯದೆ ಇರಲಾರೆ. ಮನೆಯವರನ್ನೆಲ್ಲ ಕರೆದು ಆ ಮಡಿಕೆಯನ್ನು ತೋರಿಸಿದೆ.

ಆ ಬರಹದ ಮಹತ್ವ ಅದರ ಹಳಮೆಯಲ್ಲಿ ಮಾತ್ರವಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು, ರಾಣಿ ವೀರಮ್ಮಾಜಿಯ ಆಳ್ವಿಕೆ ಕೊನೆಗೊಂಡಾಗಲೇ ಸೇರ್ವೆಗಾರನನ್ನು ನೇಮಿಸಿದ ಅರಮನೆ ಇಲ್ಲವಾಗಿತ್ತು. ಬೇಕಲದ ಕೋಟೆ ಹೈದರನದಾಯಿತು, ಟಿಪ್ಪುವಿನದಾಯಿತು. 1792ರ ಒಪ್ಪಂದದಲ್ಲಿ ಮಲಬಾರು ಕುಂಪಣಿಗೆ ಹೋದ ಮೇಲೆ, ಕೆನರಾದ ತೆಂಕಣ ತುದಿಯಲ್ಲಿ ಟಿಪ್ಪುವಿಗೆ ಅದೊಂದು ಮುಖ್ಯ ಠಾಣೆಯಾಗಿ ಉಳಿಯಿತು. 1799ರಲ್ಲಿ ಅದೂ ಮುಗಿದು, ಥಾಮಸ್ ಮನ್ರೋ ಕೆನರಾದ ಮೊದಲ ಕಲೆಕ್ಟರನಾಗಿ ಬಂದು ಭೂಮಿಯ ತೀರ್ವೆಯನ್ನು ನಿಗದಿ ಮಾಡಿದ. ಕೋಟೆಗೆ ಕಾವಲುಗಾರರು ಬೇಡವಾದರು. ಅಂದರೆ 1841ರಲ್ಲಿ ನಮ್ಮ ಹಿರಿಯರು ತಮ್ಮನ್ನು ‘ಕೋಟೆಯ ಸೇರ್ವೆಗಾರ’ ಎಂದು ಬರೆದುಕೊಂಡಾಗ ಅವರ ಕೈಯಲ್ಲಿ ಆಯುಧವೂ ಇರಲಿಲ್ಲ, ಅವರ ಹಿಂದೆ ತುಕಡಿಯೂ ಇರಲಿಲ್ಲ. ಅವರು ಎಲ್ಲರಂತೆ ತೀರ್ವೆ ಕಟ್ಟುವ ಒಬ್ಬ ಬೇಸಾಯಗಾರ. ಹುದ್ದೆಯ ಹೆಸರು ಕುಲನಾಮವಾಗಿ ಗಟ್ಟಿಯಾದದ್ದು ಹುದ್ದೆ ಇದ್ದಾಗ ಅಲ್ಲ, ಅದು ಹೋದ ಮೇಲೆ, ಎಂಬುದನ್ನು ನಾನು ಕಲಿತದ್ದು ಆ ಒಂದು ಸಾಲಿನಿಂದ. ಹುದ್ದೆಯಿದ್ದಾಗ ಅದು ಒಬ್ಬನಿಗೆ ಸಲ್ಲುತ್ತಿತ್ತು, ಅವನ ತಮ್ಮನಿಗೆ ಸಲ್ಲುತ್ತಿರಲಿಲ್ಲ. ಹುದ್ದೆ ಹೋದ ಮೇಲೆ ಅಣ್ಣ ತಮ್ಮಂದಿರು, ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಸೇರ್ವೆಗಾರರಾದರು.

ಅಜ್ಜನ ಕೈಬರಹದಲ್ಲಿ ಶ್ರಾದ್ಧಕ್ಕೆಂದು ಬರೆದಿಟ್ಟ ಹಿರಿಯರ ಪಟ್ಟಿಯಲ್ಲಿ ನನ್ನಿಂದ ಹಿಂದಕ್ಕೆ ಏಳು ತಲೆಗಳಿವೆ. ತಲೆಮಾರಿಗೆ ಇಪ್ಪತ್ತೈದರಿಂದ ಮೂವತ್ತು ವರ್ಷ ಹಿಡಿದರೂ ಅದು ಟಿಪ್ಪುವಿನ ಕೊನೆಗಾಲವನ್ನು ಮುಟ್ಟಿ ನಿಲ್ಲುತ್ತದೆ, ಶಿವಪ್ಪ ನಾಯಕನ ಕಾಲಕ್ಕೆ ಹೋಗುವುದಿಲ್ಲ. “ನಾವು ಶಿವಪ್ಪ ನಾಯಕನ ಜೊತೆಗೇ ಬಂದವರು” ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳಲು ಮನಸ್ಸು ತುಸು ಹಿಂದೆಗೆಯಿತು. ಆದರೂ ಕಾಗದಗಳು ಹೇಳುವಷ್ಟನ್ನೇ ನಾನು ಹೇಳಬೇಕು. ಮನೆಯ ಮಕ್ಕಳಿಗೆಂದು ಬರೆದಿಟ್ಟ ವಂಶಾವಳಿಯಲ್ಲಿ ಆ ಏಳು ಹೆಸರುಗಳನ್ನಷ್ಟೇ ಸೇರಿಸಿದ್ದೇನೆ.

ಬೇಕಲ ಕುಂಪಣಿಯ ಕಾಲದಲ್ಲಿ ಒಂದು ತಾಲೂಕಿನ ಕೇಂದ್ರವಾಗಿತ್ತು. ಅದೇ ಮುಂದೆ ಕಾಸರಗೋಡು ತಾಲೂಕಾಯಿತು. ಕೋಟೆ ಕಾಯುತ್ತಿದ್ದವರ ಮಕ್ಕಳಿಗೆ ಕಚೇರಿಯ ಕೆಲಸ ಹತ್ತಿರದ ದಾರಿಯಾಗಿ ಕಂಡಿತು. ಸೇರ್ವೆಗಾರರಲ್ಲಿ ಹಲವರು ಬೇಸಾಯಕ್ಕಿಳಿದಿದ್ದಾರೆ, ಕೆಲವರು ಕಂದಾಯ ಮತ್ತು ಪೊಲೀಸ್ ಇಲಾಖೆಗಳಲ್ಲಿ ಜವಾನರೂ ಕಾನ್‌ಸ್ಟೇಬಲ್‌ಗಳೂ ಆಗಿದ್ದಾರೆ ಎಂದು ಥರ್ಸ್ಟನ್ ಬರೆದಿರುವುದು ನಮ್ಮ ಮನೆಯ ಮಟ್ಟಿಗೆ ಅಕ್ಷರಶಃ ನಿಜ. ಮುತ್ತಜ್ಜ ತಾಲೂಕು ಕಚೇರಿಯಲ್ಲಿ ದಲಾಯತರಾಗಿದ್ದರು. ಆದರೆ ಇದರಿಂದ ಹೆಸರಿಗೆ ಒಂದು ಪೆಟ್ಟು ಬಿತ್ತು. ಒಂದು ಕಾಲಕ್ಕೆ ಪಡೆಯ ಮುಂದಾಳನ್ನು ಸೂಚಿಸುತ್ತಿದ್ದ ಮಾತು ಜನರ ಕಿವಿಯಲ್ಲಿ ಕಚೇರಿಯ ಜವಾನನ ಹೆಸರಾಗಿ ಕೇಳಿಸತೊಡಗಿತು. ಅಜ್ಜ ಓದು ಬರಹ ಕಲಿತು ಅಂಗಡಿಯ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಾಗ ತಮ್ಮ ಹೆಸರಿನ ಮುಂದೆ ನಾಯಕ ಎಂದು ಬರೆಸಿಕೊಂಡರು. ಸಮುದಾಯದಲ್ಲಿ ಮೊದಲಿನಿಂದಲೂ ಇದ್ದ ಹೆಸರಾದ್ದರಿಂದ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಪ್ಪನ ಕಥೆ ಬೇರೆ. ಮಂಗಳೂರಿನ ಒಂದು ಶಾಲೆಗೆ ಸೇರಿಸಲು ಹೋದಾಗ, ಅಲ್ಲಿದ್ದ ಉಪಾಧ್ಯಾಯರೊಬ್ಬರು ಹಳೆಯ ಕಾಗದದಲ್ಲಿದ್ದ ಸೇರ್ವೆಗಾರ ಎಂಬುದನ್ನು ಓದಿ, “ಇದು ದೊಡ್ಡ ಕೆಲಸ ಸಿಗುವ ಹೆಸರಲ್ಲ” ಎಂದು ಹುಡುಗನೆದುರಿಗೇ ಹೇಳಿದರಂತೆ. ಅಪ್ಪ ಎಂಬತ್ತು ದಾಟಿದ ಮೇಲೂ ಆ ಮಾತನ್ನು ಅದೇ ಸ್ವರದಲ್ಲಿ ಹೇಳಿ ತೋರಿಸುತ್ತಿದ್ದರು. ಅಂದು ದಾಖಲೆ ಪುಸ್ತಕದಲ್ಲಿ ‘ರಾವ್’ ಬಿತ್ತು. ಆ ಕಾಲದಲ್ಲಿ ಕರಾವಳಿಯ ಎಷ್ಟೋ ಸಮುದಾಯಗಳ ಹುಡುಗರು ರಾವ್‌ಗಳಾದರು, ಯಾರ ಕಣ್ಣಿಗೂ ಕುಕ್ಕದ ಹೆಸರು ಅದು. ಅಪ್ಪನನ್ನು ನಾನು ತಪ್ಪಿಗೆ ಗುರಿಮಾಡಲಾರೆ. ಒಬ್ಬ ಹುಡುಗ ಅವಮಾನವನ್ನು ತಪ್ಪಿಸಿಕೊಳ್ಳಲು ಒಂದು ಪದವನ್ನು ಬಿಟ್ಟ. ಆ ಪದದ ಅರ್ಥವನ್ನು ಅವನಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ ಎಂಬುದಷ್ಟೇ ನನ್ನ ನೋವು.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ನಾನು ಹುಟ್ಟಿದ್ದು ಅದರ ನಂತರ. ಶಾಲೆಯಲ್ಲಿ ಹೆಸರಿಗೆ ಮುಂಚೆ ಮನೆಯ ಅಥವಾ ಊರಿನ ಮೊದಲಕ್ಷರ ಬರೆಯುವುದು ಇಲ್ಲಿಯ ಕ್ರಮವಾದ್ದರಿಂದ ಬೇಕಲದ ‘ಬಿ’ ನನ್ನ ಪಾಲಿಗೆ ಬಂದಿತು, ರಾವ್ ಕೂಡ ಬಿದ್ದುಹೋಯಿತು. ಗಡಿಯ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿತ್ತು. ಕಾಸರಗೋಡಿನ ಕನ್ನಡಿಗರೆಲ್ಲರ ಆಸೆ ಆ ವರದಿಯ ಮೇಲೆ ನಿಂತಿತ್ತು; ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರು ಅದಕ್ಕಾಗಿ ಬಾಳಿಡೀ ಹೋರಾಡಿದರು. ನಮ್ಮ ಮನೆಯಲ್ಲಿಯೂ ಆ ಹೋರಾಟದ ಪರವಾಗಿಯೇ ಮಾತು ನಡೆಯುತ್ತಿತ್ತು. ಆದರೆ ಬೇಕಲ, ಹೊಸದುರ್ಗ ಎರಡೂ ಹೊಳೆಯ ತೆಂಕಣ ದಡದಲ್ಲಿವೆ. ಹೊಳೆಯನ್ನು ದಾಟಿ ಕನ್ನಡದ ಪಡೆಯನ್ನು ನಿಲ್ಲಿಸಿದ್ದರಿಂದಲೇ ನಮ್ಮ ಹಿರಿಯರು ಇಲ್ಲಿಗೆ ಬಂದರು. ಅದೇ ಕಾರಣದಿಂದ, ಆ ವರದಿ ಜಾರಿಗೆ ಬಂದಿದ್ದರೂ ನಾವು ಗಡಿಯ ಆಚೆಗೇ ಉಳಿಯುತ್ತಿದ್ದೆವು. ಅಪ್ಪ ಇದನ್ನು ಬಲ್ಲವರಾಗಿದ್ದೂ ಸಭೆಗಳಿಗೆ ಹೋಗುವುದನ್ನು ಬಿಟ್ಟಿರಲಿಲ್ಲ.

ಹೊಸದುರ್ಗವನ್ನು ಮಲಯಾಳದಲ್ಲಿ ಪುದಿಯಕೋಟ್ಟ ಎನ್ನುತ್ತಾರೆ. ಹೊಸ ಎಂಬುದಕ್ಕೆ ಪುದಿಯ, ದುರ್ಗ ಎಂಬುದಕ್ಕೆ ಕೋಟ್ಟ. ಎರಡು ಭಾಷೆಯವರು ಒಂದೇ ಗೋಡೆಯನ್ನು ನೋಡಿ ಒಂದೇ ಅರ್ಥದ ಎರಡು ಹೆಸರನ್ನಿಟ್ಟುಕೊಂಡು, ಎರಡನ್ನೂ ಕೆಡಿಸದೆ ಬಳಸುತ್ತ ಬಂದಿದ್ದಾರೆ. ಬಸ್ಸಿನ ಕಂಡಕ್ಟರನಿಗೆ ಎರಡೂ ಗೊತ್ತು. ನಮ್ಮ ಕುಲನಾಮಕ್ಕೂ ಇಂಥ ಬಾಳುವೆ ಸಿಕ್ಕಿದ್ದರೆ ಚೆನ್ನಾಗಿತ್ತೆಂದು ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಅನಿಸುತ್ತದೆ.

ಕಳೆದ ಡಿಸೆಂಬರಿನಲ್ಲಿ ಮಗನೊಡನೆ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ ಹೋಗಿಬಂದೆ. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಯ ಮೇಲೆ ಹುಲಿಕಲ್ಲು ಘಾಟಿ ಹತ್ತಿದೆವು. ಹೊಸಂಗಡಿ ಎಂಬ ಊರು ನಮ್ಮ ಮಂಜೇಶ್ವರದಲ್ಲಿಯೂ ಇದೆಯಲ್ಲ ಎಂದು ಮಗ ಕೇಳಿದ. ಹೊಸ ಅಂಗಡಿ ಎಲ್ಲಿ ತೆರೆದರೂ ಅದು ಹೊಸಂಗಡಿಯೇ. ಅದನ್ನು ನಂಟಿನ ಸಾಕ್ಷಿಯಾಗಿ ಹಿಡಿಯಬಾರದೆಂದು ಹೇಳಿದೆ. ನಗರದ ಕೋಟೆ ರಸ್ತೆಯ ಬದಿಯಲ್ಲಿಯೇ ಇದೆ. ಒಳಗೆ ಹುಲ್ಲು ಬೆಳೆದಿತ್ತು, ಗೋಡೆಗಳು ಗಟ್ಟಿಯಾಗಿದ್ದವು. ಅಲ್ಲಿಂದ ದೇವಗಂಗೆಯ ಕೊಳಗಳಿಗೆ ಹೋಗಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತೆವು. ಬೇಕಲದಲ್ಲಿ ಕೋಟೆಯ ಕಲ್ಲು ಉಪ್ಪುಗಾಳಿಗೆ ಸವೆದು ಒರಟಾಗಿದೆ, ಇಲ್ಲಿ ಪಾಚಿ ಹಿಡಿದು ನುಣುಪಾಗಿದೆ. ಬರುವಾಗ ಕುಂದಾಪುರದ ಕಡೆಯ ಮನೆದೇವರಿಗೆ ಮುಡಿಪು ಒಪ್ಪಿಸಿದೆವು. ಅರ್ಚಕರು ಗೋತ್ರ ಕೇಳಿದರು, ಹೆಸರು ಕೇಳಿದರು. ನಾನು ಸೇರ್ವೆಗಾರ ಎಂದೆ. ಅವರು ಮತ್ತೆ ಕೇಳದೆ ಸಂಕಲ್ಪ ಮಾಡಿದರು.

ಈಗ ಮಗನಿಗೆ ಮಗಳು ಹುಟ್ಟಿದ್ದಾಳೆ. ಜನನ ಪ್ರಮಾಣಪತ್ರದಲ್ಲಿ ಯಾವ ಹೆಸರು ಬರೆಸುವುದೆಂದು ಮನೆಯಲ್ಲಿ ಮೂರು ದಿನ ಮಾತುಕತೆ ನಡೆಯಿತು. ಮಂಗಳೂರಿನ ದಾಯಾದಿಗಳು ಶೇರುಗಾರ ಎಂದು ಬರೆಯುತ್ತಾರೆ, ಬೈಂದೂರಿನ ಕಡೆಯವರು ಶೇರ್ವೆಗಾರ ಎನ್ನುತ್ತಾರೆ, ನನ್ನ ಪೋಕುವರವಿನ ಕಾಗದದಲ್ಲಿ ಮಲಯಾಳದ ಅಕ್ಷರಗಳಲ್ಲಿ ‘ಶೇರ್‌ವೇಗಾರ’ ಎಂದಿದೆ. ಧಾತು ‘ಸೇರು’ ಆಗಿರುವುದರಿಂದಲೂ, 1841ರ ಕಡತದಲ್ಲಿ ‘ಸ’ಕಾರವೇ ಇರುವುದರಿಂದಲೂ ಸೇರ್ವೆಗಾರ ಎಂಬುದೇ ಸರಿಯೆಂದು ನಾನು ಹೇಳಿದೆ. ಸೊಸೆ ಒಪ್ಪಿದಳು. ಸೋದರತ್ತೆಗೆ ಫೋನು ಮಾಡಿ ತಿಳಿಸಿದಾಗ, “ಹೆಣ್ಣುಮಗುವಿಗೂ ಅದನ್ನೇ ಇಡುವುದಾ?” ಎಂದು ಕೇಳಿದರು. ಹೌದೆಂದೆ. “ಹಾಗಾದರೆ ಮಗುವಿನ ಹೆಸರಿನಲ್ಲಿಯೂ ಬಿಸುವಿಗೆ ಒಂದು ಮುಡಿಪು ಕಟ್ಟಿ” ಎಂದರು.